ಹೊಟ್ಟೆಯೊಳಗಿನ ಅತಿಥಿಗಳಿಗೆ ಇವತ್ತು ಏನು ಬಡಿಸಿದಿರಿ?



ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ ಎಂದು ಬೆರಳು ಮಡಚಿ ಎಣಿಸಿ. ಬೆಳಗ್ಗೆ ಎರಡು ಸ್ಲೈಸ್ ಬ್ರೆಡ್, ಚಹಾ. ಮಧ್ಯಾಹ್ನ ಅನ್ನ, ಸಾರು, ಸ್ವಲ್ಪ ಪಲ್ಯ. ಸಂಜೆ ಎರಡು ಬಿಸ್ಕತ್ತು. ರಾತ್ರಿ ಮತ್ತೆ ಅನ್ನ, ಬೇಳೆ, ಮೊಸರು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಲಿ, ನಮ್ಮಲ್ಲಿ ಬಹಳ ಮನೆಗಳ ಲೆಕ್ಕ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಹೊಟ್ಟೆ ತುಂಬಿತು, ನಿದ್ದೆ ಬಂತು, ಮುಗಿಯಿತು ಅಂದುಕೊಳ್ಳುತ್ತೇವೆ.

ಆದರೆ ನಮ್ಮೊಳಗೆ ಇನ್ನೂ ಕೆಲವರು ಎಲೆ ಹಾಕಿಕೊಂಡು ಕಾಯುತ್ತಿರುತ್ತಾರೆ. ಅವರಿಗೆ ನಿನ್ನೆ ಏನು ಸಿಕ್ಕಿತು? ಇವತ್ತಿನ ಮಾತು ಅವರ ಬಗ್ಗೆಯೇ.

*ಯಾರು ಈ ಅತಿಥಿಗಳು?*

ನಮ್ಮ ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಒಂದು ಊರೇ ಇದೆ. 2016ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು ಹಾಕಿದ ಲೆಕ್ಕದಂತೆ, ಸಾಧಾರಣ ಮೈಕಟ್ಟಿನ ಒಬ್ಬ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅದೇ ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅಂದರೆ ತಲೆ ಎಣಿಸಿದರೆ ಅವರೇ ಹೆಚ್ಚು! ಆದರೆ ಎಲ್ಲವನ್ನೂ ಸೇರಿಸಿ ತೂಗಿದರೂ 200 ಗ್ರಾಂ ಆಸುಪಾಸು, ಅಷ್ಟೇ. ಅಷ್ಟು ಸಣ್ಣವರು.

ಬ್ಯಾಕ್ಟೀರಿಯಾ ಎಂದ ಕೂಡಲೇ ರೋಗ ನೆನಪಾಗುವುದು ಸಹಜ. ಇವರಲ್ಲಿ ಬಹುಪಾಲು ಹಾಗಲ್ಲ. ನಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದು, ಬಾಡಿಗೆಯನ್ನು ಕೆಲಸದ ರೂಪದಲ್ಲಿ ಕೊಡುವವರು. ಆ ಕೆಲಸ ನಡೆಯಬೇಕಾದರೆ ಅವರಿಗೆ ಊಟ ಸಿಗಬೇಕು.

*ಅವರ ಊಟ ಯಾವುದು?*

ನಾವು ತಿಂದ ಅನ್ನದ ಪಿಷ್ಟ, ಸಕ್ಕರೆ, ಎಣ್ಣೆ, ಬೇಳೆಯ ಪ್ರೋಟೀನ್ ಇವೆಲ್ಲ ಸಣ್ಣ ಕರುಳಿನಲ್ಲೇ ಹೆಚ್ಚುಕಡಿಮೆ ಪೂರ್ತಿ ಜೀರ್ಣವಾಗಿ ರಕ್ತಕ್ಕೆ ಸೇರುತ್ತವೆ. ದೊಡ್ಡ ಕರುಳಿನವರೆಗೆ ತಲುಪುವುದು ನಮ್ಮ ಜೀರ್ಣರಸಕ್ಕೆ ಬಗ್ಗದ ವಸ್ತು, ಅಂದರೆ ನಾರು. ಇದನ್ನು ಒಡೆಯುವ ಕಿಣ್ವಗಳು ನಮ್ಮ ದೇಹದಲ್ಲಿ ಇಲ್ಲ. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಅಂಥ ಕಿಣ್ವಗಳು ಸಾವಿರಗಟ್ಟಲೆ ಇವೆ. ನಮಗೆ ಬೇಡವಾದದ್ದೇ ಅವರಿಗೆ ಹಬ್ಬದೂಟ.

ದೋಸೆ ಹಿಟ್ಟು ರಾತ್ರಿಯಿಡೀ ಹುಳಿಯುವುದನ್ನು ನೀವು ನೋಡಿದ್ದೀರಿ. ದೊಡ್ಡ ಕರುಳಿನಲ್ಲೂ ಹಾಗೆಯೇ ನಾರು ಹುಳಿಯುತ್ತದೆ. ಅದರಿಂದ ಮುಖ್ಯವಾಗಿ ಮೂರು ಸಣ್ಣ ಆಮ್ಲಗಳು ಹುಟ್ಟುತ್ತವೆ: ಅಸಿಟೇಟ್, ಪ್ರೊಪಿಯೊನೇಟ್ ಮತ್ತು ಬ್ಯೂಟಿರೇಟ್. ಮೂರನೆಯ ಹೆಸರನ್ನು ನೆನಪಿಟ್ಟುಕೊಳ್ಳಿ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಇಂಧನವೇ ಬ್ಯೂಟಿರೇಟ್. ದೇಹದ ಬೇರೆ ಕಡೆಯ ಜೀವಕೋಶಗಳು ಹೆಚ್ಚಾಗಿ ರಕ್ತದಲ್ಲಿ ಬರುವ ಇಂಧನದಿಂದ ಬದುಕುತ್ತವೆ. ಈ ಗೋಡೆಯ ಜೀವಕೋಶಗಳು ಮಾತ್ರ ಬಾಡಿಗೆದಾರರು ಬೇಯಿಸಿಕೊಟ್ಟದ್ದನ್ನು ಉಣ್ಣುತ್ತವೆ. ಬ್ಯೂಟಿರೇಟ್ ಚೆನ್ನಾಗಿ ಸಿಕ್ಕರೆ ಗೋಡೆ ಗಟ್ಟಿ, ಉರಿಯೂತ ಕಡಿಮೆ. ಜೊತೆಗೆ ಈ ಆಮ್ಲಗಳಿಂದ ಕರುಳಿನ ಒಳಗೆ ತುಸು ಹುಳಿ ವಾತಾವರಣ ಉಂಟಾಗಿ, ಹಲವು ರೋಗಕಾರಕ ಜೀವಿಗಳಿಗೆ ಅಲ್ಲಿ ನೆಲೆ ಸಿಗುವುದಿಲ್ಲ.

*ಇಡೀ ಧಾನ್ಯ ಅಂದರೇನು?*

ಯಾವ ಕಾಳನ್ನಾದರೂ ತೆಗೆದುಕೊಳ್ಳಿ, ಅದರಲ್ಲಿ ಮೂರು ಭಾಗ. ಹೊರಗೆ ತವುಡಿನ ಪದರ, ಒಳಗೆ ಹಿಟ್ಟಿನ ಭಾಗ, ಒಂದು ತುದಿಯಲ್ಲಿ ಮೊಳಕೆಯ ಭಾಗ. ನಾರು ಹೆಚ್ಚಾಗಿ ಇರುವುದು ತವುಡಿನಲ್ಲಿ. ಗಿರಣಿಯಲ್ಲಿ ಪಾಲಿಶ್ ಮಾಡಿದಾಗ ಹೋಗುವುದು ತವುಡು ಮತ್ತು ಮೊಳಕೆ, ಉಳಿಯುವುದು ಬಿಳಿ ಪಿಷ್ಟ.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ, ಬೇಯಿಸದ 100 ಗ್ರಾಂ ಧಾನ್ಯದಲ್ಲಿ ಸಿಗುವ ನಾರು ಸುಮಾರಾಗಿ ಹೀಗಿದೆ:

ಬಿಳಿ ಅಕ್ಕಿ – 3 ಗ್ರಾಂ
ಮೈದಾ – 3 ಗ್ರಾಂ
ಪಾಲಿಶ್ ಮಾಡದ ಅಕ್ಕಿ – 4 ಗ್ರಾಂ
ಜೋಳ – 10 ಗ್ರಾಂ
ರಾಗಿ – 11 ಗ್ರಾಂ
ಸಜ್ಜೆ – 11 ಗ್ರಾಂ
ಇಡೀ ಗೋಧಿ – 11 ಗ್ರಾಂ
ತೊಗರಿಬೇಳೆ – 9 ಗ್ರಾಂ
ಇಡೀ ಹೆಸರುಕಾಳು – 17 ಗ್ರಾಂ
ಇಡೀ ಕಡಲೆಕಾಳು – 25 ಗ್ರಾಂ

ಅದೇ ಸಂಸ್ಥೆ ಹೇಳುವ ಗುರಿ ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಸುಮಾರು 30 ಗ್ರಾಂ ನಾರು. ಮೇಲೆ ಹೇಳಿದ ಬ್ರೆಡ್, ಅನ್ನ, ಸಾರಿನ ದಿನದಲ್ಲಿ ಎಷ್ಟು ಸಿಗುತ್ತದೆ ಗೊತ್ತೆ? ಬ್ರೆಡ್ಡಿನಿಂದ 2, ಎರಡು ಹೊತ್ತಿನ ಅನ್ನದಿಂದ 6, ಬೇಳೆಯಿಂದ 5, ಪಲ್ಯದಿಂದ 3. ಒಟ್ಟು 16 ಗ್ರಾಂ. ಅರ್ಧದಷ್ಟು. ನಮ್ಮ ಹೊಟ್ಟೆ ತುಂಬಿದ ದಿನವೂ ಅತಿಥಿಗಳು ಅರೆಹೊಟ್ಟೆ.

*ಊಟ ಅದಲುಬದಲು ಮಾಡಿದಾಗ ಏನಾಯಿತು?*

ಊಟ ಬದಲಿಸಿದರೆ ನಿಜವಾಗಿ ಒಳಗೆ ಏನಾದರೂ ಬದಲಾಗುತ್ತದೆಯೇ, ಆಗುವುದಾದರೆ ಎಷ್ಟು ದಿನ ಬೇಕು ಎಂಬುದು ಸಹಜವಾದ ಪ್ರಶ್ನೆ. ಇದಕ್ಕೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ.

ಆ ಪ್ರಯೋಗದ ವರದಿ ಕೊಟ್ಟ ಅಂಕಿಯಂತೆ, ಅಮೆರಿಕದ ಕಪ್ಪು ಜನಾಂಗದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಲಕ್ಷಕ್ಕೆ 65 ಜನರಲ್ಲಿ ಕಾಣುತ್ತಿತ್ತು. ದಕ್ಷಿಣ ಆಫ್ರಿಕಾದ ಹಳ್ಳಿಗಾಡಿನಲ್ಲಿ ಲಕ್ಷಕ್ಕೆ 5ಕ್ಕಿಂತ ಕಡಿಮೆ. ಎರಡೂ ಕಡೆ ಪೂರ್ವಜರು ಆಫ್ರಿಕಾದವರೇ. ವ್ಯತ್ಯಾಸ ತಟ್ಟೆಯಲ್ಲಿದೆಯೇ ಎಂದು ನೋಡಲು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡಾ. ಸ್ಟೀಫನ್ ಓ'ಕೀಫ್ ಮತ್ತು ಜೊತೆಗಾರರು ಎರಡೂ ಕಡೆಯಿಂದ ತಲಾ 20 ಜನರನ್ನು ಆರಿಸಿ, ಎರಡು ವಾರ ಊಟ ಅದಲುಬದಲು ಮಾಡಿದರು. ಅಮೆರಿಕದವರಿಗೆ ಮೆಕ್ಕೆಜೋಳ, ಕಾಳು, ತರಕಾರಿಯ ಹಳ್ಳಿಯೂಟ. ಅವರ ನಾರು ದಿನಕ್ಕೆ 14 ಗ್ರಾಂನಿಂದ 55 ಗ್ರಾಂಗೆ ಏರಿತು. ಹಳ್ಳಿಯವರಿಗೆ ಬರ್ಗರ್, ಮಾಂಸ, ಕರಿದ ಆಲೂಗಡ್ಡೆಯಂಥ ಅಮೆರಿಕದ ಊಟ. ಅವರ ನಾರು 66ರಿಂದ 12 ಗ್ರಾಂಗೆ ಇಳಿಯಿತು.

ಬರೀ 14 ದಿನ. 2015ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ. ಹಳ್ಳಿಯೂಟ ಉಂಡ ಅಮೆರಿಕದವರ ಕರುಳಿನಲ್ಲಿ ಬ್ಯೂಟಿರೇಟ್ ಉತ್ಪಾದನೆ ಎರಡೂವರೆ ಪಟ್ಟು ಹೆಚ್ಚಿತು, ಕರುಳಿನ ಗೋಡೆಯ ಉರಿಯೂತ ಇಳಿಯಿತು, ಕ್ಯಾನ್ಸರ್ ಅಪಾಯದ ಸೂಚಕಗಳು ಕಡಿಮೆಯಾದವು. ಅಮೆರಿಕದ ಊಟ ಉಂಡ ಹಳ್ಳಿಯವರಲ್ಲಿ ಬ್ಯೂಟಿರೇಟ್ ಅರ್ಧಕ್ಕೆ ಬಿತ್ತು, ಆ ಸೂಚಕಗಳು ಏರಿದವು.

ಒಂದು ಮಾತು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಇಲ್ಲಿ ನಾರಿನ ಜೊತೆಗೆ ಕೊಬ್ಬು, ಮಾಂಸದ ಪ್ರಮಾಣವೂ ಬದಲಾಗಿತ್ತು. ಹಾಗಾಗಿ ಪೂರ್ತಿ ಶ್ರೇಯ ನಾರಿಗೇ ಕೊಡಲಾಗದು. ಎರಡು ವಾರದಲ್ಲಿ ಕ್ಯಾನ್ಸರ್ ಬಂತು, ಹೋಯಿತು ಎಂದೂ ಅಲ್ಲ; ಬದಲಾದದ್ದು ಅಪಾಯದ ಗುರುತುಗಳು. ಆದರೆ ಕರುಳು ಎಷ್ಟು ಬೇಗ ಕಿವಿಗೊಡುತ್ತದೆ ಎಂಬುದಂತೂ ಸ್ಪಷ್ಟವಾಯಿತು.

ಇಡೀ ಧಾನ್ಯವನ್ನೇ ಕೊಟ್ಟು ನೋಡಿದ ಪ್ರಯೋಗಗಳೂ ಇವೆ. ಅಮೆರಿಕದ ನೆಬ್ರಾಸ್ಕಾದಲ್ಲಿ 28 ಆರೋಗ್ಯವಂತರಿಗೆ ದಿನಕ್ಕೆ 60 ಗ್ರಾಂ ಇಡೀ ಬಾರ್ಲಿ, ಪಾಲಿಶ್ ಮಾಡದ ಅಕ್ಕಿ, ಅಥವಾ ಎರಡನ್ನೂ ಬೆರೆಸಿ ನಾಲ್ಕು ನಾಲ್ಕು ವಾರ ಕೊಟ್ಟಾಗ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು. ಸ್ವೀಡನ್ನಿನಲ್ಲಿ ಮೂರು ದಿನ ಬಾರ್ಲಿ ಕಾಳಿನ ಬ್ರೆಡ್ ತಿಂದ ಕೆಲವರಲ್ಲಿ ಊಟದ ನಂತರದ ಸಕ್ಕರೆ ಸುಧಾರಿಸಿತು, ಕೆಲವರಲ್ಲಿ ಇಲ್ಲ. ಸುಧಾರಿಸಿದವರ ಕರುಳಿನಲ್ಲಿ ಪ್ರೆವೊಟೆಲ್ಲಾ ಎಂಬ, ನಾರು ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಾಗಿತ್ತು. ಆದ್ದರಿಂದ ಪಕ್ಕದ ಮನೆಯವರಿಗೆ ಆದಷ್ಟೇ ಗುಣ, ಅಷ್ಟೇ ಬೇಗ ನಿಮಗೂ ಆಗಬೇಕೆಂದಿಲ್ಲ.

*ಊಟ ಸಿಗದಿದ್ದರೆ ಅವರು ಏನು ಮಾಡುತ್ತಾರೆ?*

ಹಸಿದವರು ಸುಮ್ಮನೆ ಕೂರುವುದಿಲ್ಲ. ಕರುಳಿನ ಗೋಡೆಯ ಮೇಲೆ ಲೋಳೆಯ ಒಂದು ತೆಳು ಪದರವಿದೆ, ಅದೇ ನಮ್ಮ ರಕ್ಷಾಕವಚ. ಇಲಿಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಾರಿಲ್ಲದ ಆಹಾರ ಕೊಟ್ಟಾಗ ಬ್ಯಾಕ್ಟೀರಿಯಾಗಳು ಈ ಲೋಳೆಯನ್ನೇ ತಿನ್ನತೊಡಗಿದವು. ಪದರ ತೆಳುವಾಯಿತು, ಸೋಂಕು ತರುವ ಜೀವಿಗಳಿಗೆ ಗೋಡೆ ಮುಟ್ಟುವುದು ಸುಲಭವಾಯಿತು. ಬಾಡಿಗೆದಾರರಿಗೆ ಅಕ್ಕಿ ಬೇಳೆ ಕೊಡದಿದ್ದರೆ ಗೋಡೆಯ ಗಾರೆ ಕೆರೆದು ತಿಂದ ಹಾಗೆ.

*ಊರು ಬಿಟ್ಟವರು ಗಮನಿಸಬೇಕಾದ ಸಂಗತಿ*

ಇದು ನಮಗೆ, ಅಂದರೆ ಊರು ಬಿಟ್ಟು ಬಂದವರಿಗೆ, ಹತ್ತಿರದ ವಿಷಯ.

ಆಗ್ನೇಯ ಏಷ್ಯಾದ ಹ್ಮಾಂಗ್ ಮತ್ತು ಕರೆನ್ ಸಮುದಾಯದ ಹಲವರು ಥಾಯ್ಲೆಂಡಿನಿಂದ ಅಮೆರಿಕದ ಮಿನೆಸೋಟಾಕ್ಕೆ ವಲಸೆ ಹೋಗಿದ್ದಾರೆ. ಅಲ್ಲಿನ ವಿಶ್ವವಿದ್ಯಾಲಯದವರು 500ಕ್ಕೂ ಹೆಚ್ಚು ಮಹಿಳೆಯರ ಕರುಳಿನ ಬ್ಯಾಕ್ಟೀರಿಯಾ ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ವಲಸೆ ಬಂದ ಕೆಲವೇ ತಿಂಗಳಲ್ಲಿ ಊರಿನ ಬ್ಯಾಕ್ಟೀರಿಯಾಗಳು ಕಡಿಮೆಯಾಗತೊಡಗಿದ್ದವು. ಸಸ್ಯದ ನಾರನ್ನು ಒಡೆಯುವ ಶಕ್ತಿ ಕುಗ್ಗಿತ್ತು. ವರ್ಷ ಕಳೆದಂತೆ ವೈವಿಧ್ಯ ಇನ್ನೂ ಇಳಿದಿತ್ತು. ಅಲ್ಲೇ ಹುಟ್ಟಿದ ಮಕ್ಕಳ ತಲೆಮಾರಿನಲ್ಲಿ ಅದಕ್ಕಿಂತಲೂ ಕಡಿಮೆ. ಈ ನಷ್ಟಕ್ಕೆಲ್ಲ ಊಟವೊಂದೇ ಕಾರಣವಲ್ಲ, ಆದರೆ ಊಟವೂ ಒಂದು ಕಾರಣ.

ಅದಕ್ಕೂ ಮೊದಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಲಿಗಳ ಪ್ರಯೋಗ ಇನ್ನೊಂದು ಎಚ್ಚರಿಕೆ ಕೊಟ್ಟಿತ್ತು. ನಾರು ಕಡಿಮೆ ಇರುವ ಆಹಾರವನ್ನು ಒಂದೇ ತಲೆಮಾರು ತಿಂದಾಗ, ಮತ್ತೆ ನಾರು ಕೊಟ್ಟರೆ ಕಳೆದ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ವಾಪಸ್ ಬಂದವು. ನಾಲ್ಕು ತಲೆಮಾರು ಹಾಗೇ ತಿಂದಾಗ, ಆಮೇಲೆ ಎಷ್ಟು ನಾರು ಕೊಟ್ಟರೂ ಹಲವು ಬ್ಯಾಕ್ಟೀರಿಯಾಗಳು ಮರಳಲೇ ಇಲ್ಲ. ಇಲಿಯ ಮಾತು ಮನುಷ್ಯರಿಗೆ ಹಾಗೇ ಹೊಂದುವುದಿಲ್ಲ, ಮುಂಬೈಗೆ ಬಂದದ್ದು ಮಿನೆಸೋಟಾಕ್ಕೆ ಹೋದ ಹಾಗೆಯೂ ಅಲ್ಲ. ಆದರೂ ಯೋಚಿಸಿ. ಅಜ್ಜಿ ದಿನಾ ರೊಟ್ಟಿ ಅಥವಾ ಮುದ್ದೆ ಉಂಡರು. ಅಮ್ಮ ವಾರಕ್ಕೆರಡು ಸಲ ಮಾಡಿದರು. ನಾವು ಊರಿಗೆ ಹೋದಾಗ ಮಾತ್ರ ತಿನ್ನುತ್ತೇವೆ. ನಮ್ಮ ಮಕ್ಕಳು ಅದನ್ನು ಫೋಟೊದಲ್ಲಿ ನೋಡುತ್ತಾರೆ. ಮಕ್ಕಳಿಗೆ ಕನ್ನಡ ಉಳಿಯಲಿ ಎಂದು ಭಾನುವಾರ ತರಗತಿಗೆ ಕಳಿಸುತ್ತೇವಲ್ಲ, ಊರಿನ ಧಾನ್ಯವೂ ಹಾಗೆಯೇ ಕೈದಾಟಿಸಬೇಕಾದ ಆಸ್ತಿ.

*ಎಲ್ಲಿದ್ದರೂ ಸಿಗುತ್ತದೆ, ಹೆಸರು ಬೇರೆ ಅಷ್ಟೇ*

"ಇಲ್ಲಿ ನಮ್ಮ ಧಾನ್ಯ ಸಿಗಲ್ಲ" ಎಂಬ ಮಾತು ಈಗ ನಡೆಯದು. ಅಂಗಡಿಯಲ್ಲಿ ಹೀಗೆ ಕೇಳಿ:

ಮುಂಬೈ, ಪುಣೆ: ರಾಗಿಗೆ ನಾಚಣಿ, ಜೋಳಕ್ಕೆ ಜ್ವಾರಿ, ಸಜ್ಜೆಗೆ ಬಾಜರಿ. ನಮ್ಮ ರೊಟ್ಟಿಯ ಅಕ್ಕನೇ ಅವರ ಭಾಕರಿ.
ಚೆನ್ನೈ: ರಾಗಿಗೆ ಕೇಳ್ವರಗು, ಜೋಳಕ್ಕೆ ಚೋಳಂ, ಸಜ್ಜೆಗೆ ಕಂಬು, ನವಣೆಗೆ ತಿನೈ.
ಹೈದರಾಬಾದ್: ರಾಗಿಗೆ ರಾಗುಲು, ಜೋಳಕ್ಕೆ ಜೊನ್ನಲು, ಸಜ್ಜೆಗೆ ಸಜ್ಜಲು, ನವಣೆಗೆ ಕೊರ್ರಲು. ನಮ್ಮ ಮುದ್ದೆ ಅಲ್ಲಿ ಸಂಗಟಿ.
ದೆಹಲಿ: ರಾಗಿಗೆ ಮಂಡುವಾ, ಜೋಳಕ್ಕೆ ಜ್ವಾರ್, ಸಜ್ಜೆಗೆ ಬಾಜ್ರಾ, ಗೋಧಿ ನುಚ್ಚಿಗೆ ದಲಿಯಾ, ಬಾರ್ಲಿಗೆ ಜೌ.

*ಕೊಳ್ಳುವಾಗ ಮೋಸ ಹೋಗಬೇಡಿ*

1. ಪೊಟ್ಟಣದ ಮುಂಭಾಗ ನೋಡಬೇಡಿ, ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. "ರಾಗಿ ಬಿಸ್ಕತ್ತು" ಎಂದು ಬರೆದಿದ್ದು, ಪಟ್ಟಿಯಲ್ಲಿ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಆಗಿದ್ದರೆ ಅದು ಮೈದಾ ಬಿಸ್ಕತ್ತೇ.
2. ಬ್ರೆಡ್ ಕಂದು ಬಣ್ಣ ಇದ್ದ ಮಾತ್ರಕ್ಕೆ ಇಡೀ ಗೋಧಿಯದಲ್ಲ. ಬಣ್ಣ ಕ್ಯಾರಮೆಲ್‌ನಿಂದಲೂ ಬರುತ್ತದೆ.
3. ನವಣೆ, ಸಾಮೆ ಮುಂತಾದ ಸಿರಿಧಾನ್ಯ ಬೆಳ್ಳಗೆ ಹೊಳೆಯುತ್ತಿದ್ದರೆ ತವುಡು ಹೋಗಿದೆ ಎಂದರ್ಥ. ದುಬಾರಿ ಬೆಲೆ ಕೊಟ್ಟು ಬಿಳಿ ಪಿಷ್ಟವನ್ನೇ ತಂದಂತೆ. ರಾಗಿಯ ಅನುಕೂಲ ಏನೆಂದರೆ ಕಾಳು ಸಣ್ಣದು, ಸಿಪ್ಪೆ ಅಂಟಿಕೊಂಡಿರುತ್ತದೆ, ಹಾಗಾಗಿ ಸಾಮಾನ್ಯವಾಗಿ ಇಡಿಯಾಗಿಯೇ ಬೀಸುತ್ತಾರೆ. ಹಿಟ್ಟನ್ನು ನಯ ಮಾಡಲು ಪದೇ ಪದೇ ಜರಡಿ ಹಿಡಿಯಬೇಡಿ.

*ಲೆಕ್ಕ ಸರಿಮಾಡುವುದು ಹೇಗೆ?*

ಬೆಳಗ್ಗೆ 60 ಗ್ರಾಂ ರಾಗಿ ಹಿಟ್ಟಿನ ರೊಟ್ಟಿ ಅಥವಾ ದೋಸೆ – 7 ಗ್ರಾಂ ನಾರು. ಮಧ್ಯಾಹ್ನ 80 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ – 8 ಗ್ರಾಂ, 30 ಗ್ರಾಂ ಹೆಸರುಕಾಳಿನ ಪಲ್ಯ – 5 ಗ್ರಾಂ, ತರಕಾರಿ – 3 ಗ್ರಾಂ. ರಾತ್ರಿ ಸ್ವಲ್ಪ ಅನ್ನ – 2 ಗ್ರಾಂ, ತೊಗರಿಬೇಳೆ ಸಾರು – 3 ಗ್ರಾಂ, ಪಲ್ಯ – 3 ಗ್ರಾಂ. ಒಟ್ಟು 31 ಗ್ರಾಂ! ಅನ್ನ ಬಿಡಲಿಲ್ಲ, ದುಬಾರಿ ಪೌಡರ್ ಕೊಳ್ಳಲಿಲ್ಲ. ಸಂಜೆ ಬಿಸ್ಕತ್ತಿನ ಬದಲು ಒಂದು ಸೀಬೆಹಣ್ಣು ತಿಂದರೆ ಇನ್ನೂ ಒಳ್ಳೆಯದು.

ಕಾಳುಗಳನ್ನು ಮರೆಯಬೇಡಿ. ಧಾನ್ಯದ ನಾರು ಬೇರೆ, ಕಾಳಿನ ನಾರು ಬೇರೆ, ತರಕಾರಿಯದು ಬೇರೆ. ಒಂದೊಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಒಂದೊಂದು ರುಚಿ. ದಿನವೂ ರಾಗಿಯೊಂದನ್ನೇ ಉಣ್ಣುವುದಕ್ಕಿಂತ ವಾರದಲ್ಲಿ ಮೂರ್ನಾಲ್ಕು ಧಾನ್ಯ ಬದಲಿಸುವುದು ಮೇಲು.

ಇನ್ನೊಂದು ಸ್ವಾರಸ್ಯ. ಬೆಂದ ಅನ್ನ ತಣ್ಣಗಾದಾಗ ಅದರ ಪಿಷ್ಟದ ಒಂದು ಪಾಲು ಗಟ್ಟಿಯಾಗಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನಾರಿನಂತೆಯೇ ಬ್ಯಾಕ್ಟೀರಿಯಾಗಳಿಗೆ ಸಿಗುತ್ತದೆ. ತಂಗಳನ್ನಕ್ಕೆ ಮಜ್ಜಿಗೆ ಕಲಸಿ ಉಂಡವರು ಇದನ್ನು ತಿಳಿಯದೆಯೇ ಮಾಡುತ್ತಿದ್ದರು. ಆದರೆ ಅನ್ನವನ್ನು ಗಂಟೆಗಟ್ಟಲೆ ಹೊರಗಿಡಬೇಡಿ, ಅದರಲ್ಲೂ ಮುಂಬೈ, ಚೆನ್ನೈ ಸೆಕೆಯಲ್ಲಿ. ಬೇಗ ಆರಿಸಿ ಫ್ರಿಜ್‌ನಲ್ಲಿಡಿ.

*ನಿಧಾನವೇ ಪ್ರಧಾನ*

ಇದನ್ನು ಓದಿದ ಉತ್ಸಾಹದಲ್ಲಿ ನಾಳೆಯಿಂದಲೇ ಮೂರು ಹೊತ್ತು ರೊಟ್ಟಿ, ಕಾಳು ಶುರು ಮಾಡಿದರೆ ಹೊಟ್ಟೆ ಉಬ್ಬರಿಸಿ, ಗ್ಯಾಸ್ ಆಗಿ, ಮೂರನೇ ದಿನಕ್ಕೆ "ಇದು ನಮಗೆ ಒಗ್ಗಲ್ಲ" ಎಂದು ಬಿಟ್ಟುಬಿಡುತ್ತೀರಿ. ಗ್ಯಾಸ್ ಅಂದರೆ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತಿರುವ ಗುರುತು. ಅವರ ಸಂಖ್ಯೆ ಹೊಂದಿಕೊಳ್ಳಲು ಸಮಯ ಕೊಡಿ. ಮೊದಲ ವಾರ ದಿನಕ್ಕೆ ಒಂದು ಹೊತ್ತು ಮಾತ್ರ ಬದಲಿಸಿ. ಎರಡನೇ ವಾರ ಕಾಳು ಸೇರಿಸಿ. ಮೂರನೇ ವಾರ ಇನ್ನೊಂದು ಹೊತ್ತು. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ನೀರು ಚೆನ್ನಾಗಿ ಕುಡಿಯಿರಿ, ನಾರು ಹೆಚ್ಚಿಸಿ ನೀರು ಕಡಿಮೆ ಮಾಡಿದರೆ ಮಲಬದ್ಧತೆ ಹೆಚ್ಚುತ್ತದೆ.

*ಇವರು ಎಚ್ಚರ ವಹಿಸಲಿ*

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ದೊಡ್ಡದಾಗಿ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಿ. ರಾಗಿಯಲ್ಲೂ ಪಿಷ್ಟವಿದೆ. ನಯವಾದ ಹಿಟ್ಟಿನ ಗಂಜಿ, ಮಾಲ್ಟ್ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ರೊಟ್ಟಿಯಾಗಿ, ಕಾಳು ಪಲ್ಯದ ಜೊತೆ ತಿನ್ನುವುದು ಮೇಲು.

ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರ ತೆಗೆದುಕೊಳ್ಳಿ. ನಾರು ಜೊತೆಗಿದ್ದರೆ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕರುಳಿನ ಶಸ್ತ್ರಚಿಕಿತ್ಸೆ ಆದವರು, ಕರುಳು ಕಿರಿದಾದವರು, ಐಬಿಎಸ್ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಮಾತು ಕೇಳದೆ ಬದಲಿಸಬೇಡಿ. ಸಿಲಿಯಾಕ್ ಕಾಯಿಲೆ ಇದ್ದರೆ ಗೋಧಿ, ಬಾರ್ಲಿ ಬೇಡವೇ ಬೇಡ. ರಾಗಿ, ಜೋಳ, ಸಜ್ಜೆಯಲ್ಲಿ ಗ್ಲುಟೆನ್ ಇಲ್ಲ, ಆದರೆ ಗೋಧಿ ಬೀಸಿದ ಗಿರಣಿಯಲ್ಲಿ ಬೀಸಿಸಬಾರದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಬದಲಾದ ಮಲವಿಸರ್ಜನೆ – ಇವಕ್ಕೆ ರಾಗಿ ಔಷಧಿ ಅಲ್ಲ. ತಡಮಾಡದೆ ವೈದ್ಯರ ಬಳಿ ಹೋಗಿ. ಮೂಲವ್ಯಾಧಿ ಇರಬೇಕು ಎಂದು ಸುಮ್ಮನಿದ್ದು ತಿಂಗಳು ಕಳೆಯಬೇಡಿ.

*ಕೊನೆಯದಾಗಿ*

ಇದೇ ಫೋನಿಗೆ "ಏಳು ದಿನದಲ್ಲಿ ಸಕ್ಕರೆ ಕಾಯಿಲೆ ಮಾಯ" ಎಂಬ ಸಂದೇಶಗಳೂ ಬರುತ್ತವೆ. ಇದು ಅಂಥದ್ದಲ್ಲ. 185 ದೀರ್ಘಕಾಲದ ಅಧ್ಯಯನಗಳನ್ನೂ 58 ಪ್ರಯೋಗಗಳನ್ನೂ ಒಟ್ಟುಗೂಡಿಸಿ, ವಿಶ್ವ ಆರೋಗ್ಯ ಸಂಸ್ಥೆಗಾಗಿ ಮಾಡಿದ 2019ರ ವಿಶ್ಲೇಷಣೆ ಹೇಳಿದ್ದು ಇಷ್ಟು: ಹೆಚ್ಚು ನಾರು ತಿನ್ನುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಎರಡನೇ ಬಗೆಯ ಮಧುಮೇಹ, ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಸಾವಿನ ಅಪಾಯ ಕಡಿಮೆ ನಾರು ತಿನ್ನುವವರಿಗಿಂತ 15ರಿಂದ 30 ಶೇಕಡಾ ಕಡಿಮೆ. ದಿನಕ್ಕೆ 25ರಿಂದ 29 ಗ್ರಾಂ ತಿಂದವರಲ್ಲಿ ಲಾಭ ಚೆನ್ನಾಗಿ ಕಂಡಿತು. ಪವಾಡ ಅಲ್ಲ. ಆದರೆ ಅಡುಗೆಮನೆಯಲ್ಲೇ ಸಿಗುವ, ಅಡ್ಡಪರಿಣಾಮ ಬಹಳ ಕಡಿಮೆ ಇರುವ ಇಷ್ಟು ದೊಡ್ಡ ಲಾಭ ಬೇರೆ ಎಲ್ಲಿದೆ?

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದರು. ನಮಗೆ ಮಾತ್ರವಲ್ಲ, ನಮ್ಮೊಳಗಿನವರಿಗೂ ಬಡಿಸಲು ಬಲ್ಲವರಾಗೋಣ. ಈ ಭಾನುವಾರ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ರೊಟ್ಟಿ ತಟ್ಟಿ ತೋರಿಸಿ. ಮೊದಲನೆಯದು ಹರಿದರೂ ಪರವಾಗಿಲ್ಲ, ಹರಿದ ರೊಟ್ಟಿಯಲ್ಲೂ ನಾರು ಅಷ್ಟೇ ಇರುತ್ತದೆ.

ಉಪಯೋಗವೆನಿಸಿದರೆ ಮನೆಯವರಿಗೆ, ಊರಿನ ಗುಂಪಿಗೆ ಕಳಿಸಿ. ಆರೋಗ್ಯವಾಗಿರಿ.